ಬೊಡ್ಡೆಗಳ ಬೆಟ್ಟಕ್ಕೊಂದು ಪುಟ್ಟ ರೈಲು

ಆಟಿಕೆ ರೈಲು ಮಕ್ಕಳನ್ನು ಹಿಡಿದಿಡುವುದು ಹೆಚ್ಚೆಂದರೆ ಮೂರು ದಿನ. ದುಂಡು ಹಳಿಯ ಮೇಲೆ ನೂರು ಸುತ್ತು ಹಾಕಿದ ಮೇಲೆ ಅದು ಅಟ್ಟ ಸೇರುತ್ತದೆ. ಅಷ್ಟೊಂದು ದುಡ್ಡು ಸುರಿದು ತಂದದ್ದಕ್ಕೆ ಅಪ್ಪ ಗೊಣಗುತ್ತಾನೆ. ಆದರೆ ಹಳಿಯ ಪಕ್ಕ ಒಂದು ಗುಡ್ಡ, ಗುಡ್ಡದ ಮೇಲೆ ನಾಲ್ಕು ಮರ ಎದ್ದರೆ ಕಥೆಯೇ ಬೇರೆ. ರೈಲು ಎಲ್ಲಿಗೋ ಹೊರಟಂತೆ ಕಾಣತೊಡಗುತ್ತದೆ. ಮಾದರಿ ರೈಲಿನ ಹವ್ಯಾಸ ಬಲವಾಗಿ ಬೇರೂರಿರುವ ಅಮೆರಿಕದಲ್ಲಿ, ಕಾಡಿನಿಂದ ಮರದ ದಿಮ್ಮಿ ಇಳಿಸುತ್ತಿದ್ದ ಹಳೆಯ ರೈಲುಗಳನ್ನೇ ಮಾಡುವವರು ಬಹಳ ಮಂದಿ. ಮನೆಯಲ್ಲಿ ಜಾಗ ಕಡಿಮೆ ಇದ್ದವರಿಗೆ ಇದಕ್ಕಿಂತ ಒಳ್ಳೆಯ ವಿಷಯ ಇಲ್ಲ.

ಅದಕ್ಕೆ ಕಾರಣ ಶೇ ಎಂಬ ಎಂಜಿನ್. ಮಿಷಿಗನ್ ರಾಜ್ಯದಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ಎಫ್ರೈಮ್ ಶೇ ಎಂಬಾತ ಇದಕ್ಕೆ 1881ರಲ್ಲಿ ಪೇಟೆಂಟ್ ಪಡೆದ. ಇದರ ಸಿಲಿಂಡರುಗಳು ಬಲಗಡೆ ನೆಟ್ಟಗೆ ನಿಂತಿರುತ್ತವೆ. ಅವು ಉದ್ದನೆಯ ಒಂದು ದಂಡವನ್ನು ತಿರುಗಿಸುತ್ತವೆ. ದಂಡದಿಂದ ಹಲ್ಲುಚಕ್ರಗಳ ಮೂಲಕ ಎಲ್ಲ ಚಕ್ರಗಳಿಗೂ ಶಕ್ತಿ ಹರಿಯುತ್ತದೆ. ಬಲಗಡೆಯ ಭಾರಕ್ಕೆ ಸಮತೂಕವಾಗಲೆಂದು ಬಾಯ್ಲರನ್ನು ಎಡಕ್ಕೆ ಸರಿಸಿರುವುದನ್ನು ಚಿತ್ರದಲ್ಲಿ ಗಮನಿಸಿ ನೋಡಬೇಕು. ವೇಗ ಕಡಿಮೆ, ಎಳೆಯುವ ಬಲ ಹೆಚ್ಚು. ಪಶ್ಚಿಮ ವರ್ಜೀನಿಯಾದ ಕ್ಯಾಸ್ ಊರಿನಿಂದ ಬೆಟ್ಟ ಹತ್ತುವ ದಾರಿಯಲ್ಲಿ ಕೆಲವೆಡೆ ನೂರು ಅಡಿ ಸಾಗುವಷ್ಟರಲ್ಲಿ 11 ಅಡಿ ಏರು. ಕಡಿದಾದ ಜಾಗದಲ್ಲಿ ರೈಲು ಮುಂದೆ ಹೋಗಿ, ನಿಂತು, ಹಿಮ್ಮುಖವಾಗಿ ಮೇಲಿನ ಹಳಿಗೆ ಹತ್ತುತ್ತದೆ.

ಲೆಕ್ಕ ಹಾಕಿ ನೋಡಿ. ಎಂಟು ಅಡಿ ಉದ್ದದ ಪ್ಲೈವುಡ್ ಹಲಗೆ ಎಂದರೆ ಸುಮಾರು 240 ಸೆಂಟಿಮೀಟರ್. ನೂರಕ್ಕೆ ಎರಡರ ಏರಿನಲ್ಲಿ ರೈಲು ಈ ತುದಿಯಿಂದ ಆ ತುದಿಗೆ ಹೋದರೂ ಏರುವುದು ಐದು ಸೆಂಟಿಮೀಟರ್ ಕೂಡ ಅಲ್ಲ. ನೂರಕ್ಕೆ ಎಂಟರಂತೆ ಏರಿದರೆ 19 ಸೆಂಟಿಮೀಟರ್! ಒಂದು ಹಳಿಯ ಮೇಲೆ ಸೇತುವೆ ಕಟ್ಟಿ ಇನ್ನೊಂದನ್ನು ಹಾಯಿಸಲು ಧಾರಾಳ ಸಾಕು.

ಮರಗಳದ್ದೇ ತೊಡಕು. ಎಚ್‌ಓ ಎಂಬ ಅಳತೆಯಲ್ಲಿ ಎಲ್ಲವೂ ನಿಜದ 87ನೇ ಒಂದು ಭಾಗ. ಒಂದು ಅಡಿಗೆ ಮೂರೂವರೆ ಮಿಲಿಮೀಟರ್. ಎಪ್ಪತ್ತು ಅಡಿಯ ಸ್ಪ್ರೂಸ್ ಮರ ಹಲಗೆಯ ಮೇಲೆ 24 ಸೆಂಟಿಮೀಟರ್ ದಾಟುತ್ತದೆ. ಅಂಥ ನೂರು ಮರ ನೆಟ್ಟರೆ ಬೆಟ್ಟವೇ ಕಾಣದು. ಆದ್ದರಿಂದ ಮಾದರಿಕಾರರು ಒಂದು ಉಪಾಯ ಮಾಡುತ್ತಾರೆ. ನಿಜ ಎತ್ತರದ ಐದಾರು ಮರ ಮಾತ್ರ ಮುಂದೆ. ಹಿಂದೆ ಹೋದಂತೆಲ್ಲ ಗಿಡ್ಡ ಮರ. ಕಟ್ಟಕಡೆಗೆ ಗೋಡೆಯ ಮೇಲೆ ಬರೀ ಬಣ್ಣ. ದೂರದ ಬೆಟ್ಟಕ್ಕೆ ಹಸಿರು ಬಳಿಯಬಾರದು, ಮಾಸಲು ನೀಲಿ ಬಳಿಯಬೇಕು. ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ನಮ್ಮ ಕಣ್ಣಿಗೆ ದೂರದ ಬೆಟ್ಟ ಹಾಗೆಯೇ ಕಾಣುವುದು.

ಬೆಟ್ಟ ಕಟ್ಟುವ ಕೆಲಸಕ್ಕೆ ಅಡುಗೆಮನೆಯ ಸಾಮಾನೇ ಸಾಕು ಎಂದರೂ ತಪ್ಪಿಲ್ಲ. ಹಳೆಯ ಪತ್ರಿಕೆಗಳನ್ನು ಮುದುಡಿ ರಾಶಿ ಹಾಕಿ, ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅದ್ದಿದ ಬಟ್ಟೆಯ ತುಂಡುಗಳನ್ನು ಹೊದಿಸುತ್ತಾರೆ. ಗಟ್ಟಿಯಾಗುವಾಗ ಕೈಯಿಟ್ಟರೆ ಬೆಚ್ಚಗಿರುತ್ತದೆ. ನೀರು ಸೇರಿ ಹರಳುಗಟ್ಟುವಾಗ ಶಾಖ ಹೊರಬೀಳುತ್ತದೆ. ಜರಡಿ ಹಿಡಿದ ಮಣ್ಣೇ ನೆಲ, ಬಣ್ಣ ಹಾಕಿದ ಮರದ ಹೊಟ್ಟೇ ಹುಲ್ಲು. ಇವನ್ನು ಅಂಟಿಸಲು ಬಿಳಿ ಅಂಟನ್ನು ನೀರಿನಲ್ಲಿ ತೆಳ್ಳಗೆ ಕದಡಿ ಹನಿಸಿದರೆ, ಅದು ಒಣ ಮಣ್ಣಿನೊಳಗೆ ಇಳಿಯದೆ ಮಣಿಮಣಿಯಾಗಿ ಉರುಳಿಹೋಗುತ್ತದೆ. ಪಾತ್ರೆ ತೊಳೆಯುವ ಸಾಬೂನಿನ ನೀರು ಎರಡು ತೊಟ್ಟು ಬೆರೆಸಿದರೆ ಸಾಕು, ಸರ್ರನೆ ಹೀರಿಕೊಳ್ಳುತ್ತದೆ. ಮೇಲ್ಮೈ ಎಳೆತದ ಪಾಠವನ್ನು ಪುಸ್ತಕದಲ್ಲಿ ಹತ್ತು ಸಲ ಓದಿ ಮರೆತ ಹುಡುಗ ಇದನ್ನು ಮರೆಯುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ನಿಜವಾದ ಪ್ರಶ್ನೆ ಎದುರಾಗುತ್ತದೆ: ಯಾವ ವರ್ಷದ ಬೆಟ್ಟ? ಹಸಿರು ತುಂಬಿದ ಕಾಡಿನ ನಡುವೆ ಪುಟ್ಟ ರೈಲು ಚಂದ ಕಾಣುತ್ತದೆ, ನಿಜ. ಆದರೆ ಮರ ಸಾಗಿಸುವ ರೈಲು ಓಡಾಡಿದ ಜಾಗದಲ್ಲಿ ಕಾಡು ಉಳಿದಿರಲಿಲ್ಲ. ಕ್ಯಾಸ್ ಊರು ಹುಟ್ಟಿದ್ದು 1901ರಲ್ಲಿ, ಒಂದು ಕಾಗದದ ಕಂಪನಿಯ ಕೈಯಲ್ಲಿ. ಬೆಟ್ಟದ ಸ್ಪ್ರೂಸ್ ಕಾಗದದ ತಿರುಳಾಗಲು ಹೋಯಿತು. 1920ರ ದಶಕದ ಹೊತ್ತಿಗೆ ಆ ರಾಜ್ಯದ ಹಳೆಯ ಕಾಡಿನ ಬಹುಪಾಲು ಮುಗಿದಿತ್ತು. ಕಡಿದು ಬಿಟ್ಟ ರೆಂಬೆಗಳಿಗೆ ಬೆಂಕಿ ಬಿದ್ದು, ಕೆಲವು ಕಡೆ ಮೇಲ್ಮಣ್ಣೂ ಸುಟ್ಟು ಬಂಡೆ ಎದ್ದಿತು. ಆದ್ದರಿಂದ ಪ್ರಾಮಾಣಿಕ ಮಾದರಿಕಾರ ಮಾಡಬೇಕಾದದ್ದು ಮರವಲ್ಲ, ಬೊಡ್ಡೆ. ಬೆರಳಿಗಿಂತ ತೆಳುವಾದ ಒಣ ಕಡ್ಡಿಯನ್ನು ಒಂದೊಂದು ಸೆಂಟಿಮೀಟರಿಗೆ ತುಂಡರಿಸಿದರೆ ಮೂರಡಿ ಎತ್ತರದ ಬೊಡ್ಡೆ ಸಿದ್ಧ. ಕೊಯ್ದ ಮುಖ ಹೊಸದಾದರೆ ಹಳದಿ, ಹಳೆಯದಾದರೆ ಬೂದಿ. ನಡುವೆ ರೆಂಬೆಯ ಚೂರು, ಕೆಸರು, ಓರೆಕೋರೆ ಸ್ಲೀಪರುಗಳು. ಮರ ಮುಗಿದೊಡನೆ ಕಿತ್ತು ಬೇರೆಡೆ ಹಾಕುವ ಹಳಿಗೆ ಯಾರು ತಾನೇ ಅಂದ ನೋಡುತ್ತಿದ್ದರು? ಹೊಳೆಯ ನೀರೂ ತಿಳಿಯಾಗಿರಕೂಡದು. ಇಂಥ ಮಾದರಿ ನೋಡಿದ ಮಗು ಮೊದಲು ಕೇಳುವುದು ಎಂಜಿನ್ನಿನ ಬಗ್ಗೆ ಅಲ್ಲ, ‘ಮರಗಳೆಲ್ಲ ಎಲ್ಲಿ ಹೋದವು?’ ಎಂದು. ಚಂದಕ್ಕಾಗಿ ಬೊಡ್ಡೆ ಮುಚ್ಚಿ ಹುಲ್ಲು ಉದುರಿಸುವವರೂ ಇದ್ದಾರೆ. ಅವರ ಮಾದರಿಯಲ್ಲಿ ಈ ಪ್ರಶ್ನೆ ಹುಟ್ಟುವುದಿಲ್ಲ.

ನಮ್ಮ ಕಡೆಗೂ ಇದು ಹೊರಗಿನ ಕಥೆಯೇನಲ್ಲ. ಕೊಚ್ಚಿ ಸಂಸ್ಥಾನದ ಅರಣ್ಯ ಟ್ರಾಮ್‌ವೇ 1907ರಿಂದ 1963ರವರೆಗೆ ಪರಂಬಿಕುಳಂ ಕಾಡಿನಿಂದ ಚಾಲಕುಡಿಗೆ ತೇಗ, ಬೀಟೆ ಇಳಿಸಿತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದಾಗ ಅದರ ಕುಲುಮೆಗೆ ಬೇಕಾದದ್ದು ಇದ್ದಿಲು; ಅದಕ್ಕೆ ಸೌದೆ ಬಂದದ್ದು ಸುತ್ತಲಿನ ಕಾಡುಗಳಿಂದ, ಟ್ರಾಮ್ ಹಳಿಯ ಮೇಲೆ. ಇವುಗಳ ಮಾದರಿ ಮಾಡಹೊರಟವರು ಸ್ಪ್ರೂಸ್ ಬಿಟ್ಟು ಬಿದಿರುಮೆಳೆ ಮಾಡುವುದನ್ನು ಕಲಿಯಬೇಕಾಗುತ್ತದೆ.

ಕ್ಯಾಸ್‌ನ ಕಾರ್ಖಾನೆ 1960ರಲ್ಲಿ ಮುಚ್ಚಿತು. ಮರುವರ್ಷ ರಾಜ್ಯ ಸರ್ಕಾರ ಆ ರೈಲನ್ನು ಕೊಂಡು, 1963ರಿಂದ ಪ್ರವಾಸಿಗರನ್ನು ಹತ್ತಿಸಿತು. 1905ರಲ್ಲಿ ತಯಾರಾದ ಶೇ ಎಂಜಿನ್ ಒಂದು ಇಂದಿಗೂ ಅಲ್ಲಿದೆ. ಬೆಟ್ಟದ ಮೇಲೆ ಮತ್ತೆ ಕಾಡು ಬೆಳೆದಿದೆ. ಈ ಕಾಲದ ಕ್ಯಾಸನ್ನು ಆರಿಸಿಕೊಂಡವರಿಗೆ ಒಂದು ಹಲಗೆಗೆ ಮುನ್ನೂರು ಮರವಾದರೂ ಬೇಕು. ದಿನಕ್ಕೆ ಹತ್ತರಂತೆ ಮಾಡಿದರೆ ಬೇಸಿಗೆ ರಜೆಯಲ್ಲಿ ಒಂದು ತಿಂಗಳು ಹಿಡಿಯುತ್ತದೆ. ಬೊಡ್ಡೆಗಳಾದರೆ ಒಂದೇ ಮಧ್ಯಾಹ್ನ.