ಕೂಡಿಸಿ ಕೊಟ್ಟ ಅಂಕಗಳು

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರಿಗೆ ಆ ಓಟಗಾರ್ತಿಯ ನೆನಪಿರಬಹುದು, ಹೆಸರು ಬೇಡ. ನಮ್ಮ ಕಡೆ ಓಟದ ಬಲದಿಂದ ಕಾಲೇಜು ಸೇರುವುದು ಹೊಸತಲ್ಲ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆಯು ಕ್ರೀಡಾಪಟುಗಳನ್ನು ದತ್ತು ಸ್ವೀಕರಿಸಿ ಉಚಿತವಾಗಿ ಓದಿಸುತ್ತ ಬಂದಿದೆ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾನಿಲಯ ಅಥ್ಲೆಟಿಕ್ ಕೂಟವೂ ಆ ಊರಿನ ಸ್ವರಾಜ್ ಮೈದಾನದಲ್ಲೇ ಜರುಗಿತು.

ಈಕೆ ಸೇರಿದ್ದು ಬೇರೊಂದು ಕಾಲೇಜನ್ನು. ಕೂಟಗಳಿಗೆ ಹೋದ ದಿನಗಳಿಗೆ ಹಾಜರಾತಿ ಸಿಗುತ್ತಿತ್ತು, ತಪ್ಪಿದ ಪಾಠ ಸಿಗುತ್ತಿರಲಿಲ್ಲ. ಬಿ.ಕಾಂ.ನ ಲೆಕ್ಕಶಾಸ್ತ್ರದಲ್ಲಿ ಎರಡು ಬಾರಿ ಅನುತ್ತೀರ್ಣಳಾಗಿ, ಒಂದು ಭಾನುವಾರ ಪುಂಜಾಲಕಟ್ಟೆಯ ನಮ್ಮ ಮನೆಯ ಜಗಲಿಯಲ್ಲಿ ಬಂದು ಕುಳಿತಳು.

"ಸರ್, ಶೇಕಡಾ ಲೆಕ್ಕವೇ ನನಗೆ ಬರುವುದಿಲ್ಲ" ಎಂದಳು.

ನನಗೆ ಮಾತು ಹೊರಡಲಿಲ್ಲ. ಒಂಬತ್ತನೆಯ ತರಗತಿಯಲ್ಲಿ ಅವಳಿಗೆ ಗಣಿತ ಕಲಿಸಿದವನು ನಾನೇ. ಶೀಲ್ಡು ತರುವ ಹುಡುಗಿಯೆಂದು ಅಂಕ ಕೂಡಿಸಿ ದಾಟಿಸಿದವನೂ ನಾನೇ. ಅದನ್ನು ಅಂದು ಉಪಕಾರವೆಂದೇ ಭಾವಿಸಿದ್ದೆ!

ಮುಂದಿನ ನಾಲ್ಕು ತಿಂಗಳ ಭಾನುವಾರಗಳಲ್ಲಿ ಶೇಕಡಾದಿಂದ ಆರಂಭಿಸಿ ಬಡ್ಡಿ, ಸವಕಳಿಯವರೆಗೆ ಬಂದೆವು. ಬೆಳಗಿನ ಓಟದ ದಣಿವಿಗೆ ತೂಕಡಿಸುತ್ತಿದ್ದಳು; ಗದರಲು ನನಗೆ ಬಾಯಿ ಬರುತ್ತಿರಲಿಲ್ಲ. ಮೂರನೆಯ ಬಾರಿ 41 ಅಂಕ ಬಂತು. ಫೋನಿನಲ್ಲಿ ತಿಳಿಸಿದಳು. ಅಂಕಪಟ್ಟಿಯನ್ನೇ ತಂದು ತೋರಿಸು ಎಂದೆ.