ಹಳೆಯ ಕಂಪ್ಯೂಟರುಗಳ ವಿಷಯವಾಗಿ ಒಂದೆರಡು ಮಾತು



ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಉಗ್ರಾಣದಲ್ಲಿ ಹನ್ನೆರಡು ಹಳೆಯ ಕಂಪ್ಯೂಟರುಗಳು ಧೂಳು ಹಿಡಿದು ಬಿದ್ದಿದ್ದುವು. ಅವುಗಳನ್ನು ಒಬ್ಬ ಗುಜರಿಯವನಿಗೆ ಮಾರಿ, ಬಂದ ಹಣದಿಂದ ವಾಚನಾಲಯಕ್ಕೆ ಒಂದು ಕಪಾಟನ್ನು ಕೊಂಡೆನು. ಹಳೆಯದು ಸಾರ್ಥಕವಾಯಿತೆಂದು ಸಂತೋಷಪಟ್ಟೆನು.

ಆ ವರ್ಷವೇ ಔರಾದಿನ ಕಡೆಯ ಒಬ್ಬ ಹುಡುಗಿಯು ರಜೆ ಮುಗಿಸಿಕೊಂಡು ವಸತಿಗೃಹಕ್ಕೆ ಬಂದಾಗ ಬಹಳವಾಗಿ ಕೆಮ್ಮುತ್ತಿದ್ದಳು. ಕಾರಣವನ್ನು ವಿಚಾರಿಸಲು, "ನಮ್ಮ ಕಾಕಾ ಹಿತ್ತಲದಾಗ ವೈರ್ ಸುಟ್ಟು ತಾಮ್ರ ತೆಗೀತಾರ್ರಿ ಟೀಚರ್. ಆ ರೊಕ್ಕದಾಗೇ ನನ್ನ ಫೀಸು ಕಟ್ಯಾರ್ರಿ" ಎಂದಳು. ನನಗೆ ಮಾತು ಹೊರಡಲಿಲ್ಲ. ನಾನು ಮಾರಿದ ಯಂತ್ರಗಳ ತಂತಿಗಳೂ ಇಂಥದೇ ಯಾವುದೋ ಹಿತ್ತಲಲ್ಲಿ ಉರಿದಿರಬಹುದಲ್ಲವೇ? ಆ ಕಾಕನನ್ನು ದೂರುವುದಕ್ಕೆ ನನಗೇನು ಅಧಿಕಾರ?

ಹಾಗಾದರೆ ಹಳೆಯ ಯಂತ್ರಗಳಿಂದ ಲೋಹವನ್ನು ತೆಗೆಯುವುದು ನಿಜವಾಗಿ ಪ್ರಯೋಜನಕರವೇ? ಸತುವಿಗೆ ತಾಮ್ರವನ್ನು ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿಯನ್ನು ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುವ ಬಿದರಿ ಕೆಲಸದ ಊರಿನವರಿಗೆ ಲೋಹದ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಕಂಪ್ಯೂಟರಿನೊಳಗೂ ತಾಮ್ರವುಂಟು, ಅತ್ಯಲ್ಪವಾಗಿ ಚಿನ್ನವೂ ಬೆಳ್ಳಿಯೂ ಉಂಟು. 2021ರಲ್ಲಿ ಟೋಕಿಯೋ ನಗರದಲ್ಲಿ ನಡೆದ ಒಲಿಂಪಿಕ್ ಪಂದ್ಯಗಳ ಪದಕಗಳಿಗಾಗಿ ಜಪಾನಿನ ಜನರು ಕೊಟ್ಟ ಹಳೆಯ ಮೊಬೈಲು ಮುಂತಾದವುಗಳಿಂದ ಸುಮಾರು 32 ಕಿಲೋ ಚಿನ್ನವು ದೊರೆಯಿತು. ಆದರೆ ಇವುಗಳಲ್ಲಿ ವಿಷವೂ ಉಂಟು. ಹಳೆಯ ದಪ್ಪ ಪರದೆಗಳ ಗಾಜಿನಲ್ಲಿ ಸೀಸವಿರುವುದು; ತಂತಿಯ ಮೇಲಣ ಪ್ಲಾಸ್ಟಿಕ್ಕು ಬಯಲಲ್ಲಿ ಉರಿದರೆ ಡಯಾಕ್ಸಿನ್ ಎಂಬ ಘೋರ ವಿಷವು ಹುಟ್ಟುವುದು. 2022ರಲ್ಲಿ ಲೋಕದಲ್ಲಿ ಉಂಟಾದ 6.2 ಕೋಟಿ ಟನ್ನು ಇಂಥ ಕಸದಲ್ಲಿ ನೂರಕ್ಕೆ ಸುಮಾರು 22 ಪಾಲು ಮಾತ್ರವೇ ಕ್ರಮವಾಗಿ ಸಂಸ್ಕರಿಸಲ್ಪಟ್ಟಿತೆಂದು ವಿಶ್ವಸಂಸ್ಥೆಯ ವರದಿಯು ತಿಳಿಸುತ್ತದೆ.

ಆದಕಾರಣ ಕೆಲಸವು ಒಳ್ಳೆಯದೇ. ಮಾಡುವ ಕ್ರಮದಲ್ಲಿಯೇ ಲಾಭನಷ್ಟವಿರುವುದು. ಎಲ್ಲಕ್ಕಿಂತ ಮೊದಲು, ಇರುವುದನ್ನು ಇನ್ನಷ್ಟು ಕಾಲ ಬಳಸತಕ್ಕದ್ದು.

ಕಳೆದ ವರ್ಷ ಮತ್ತೆ ಎಂಟು ಯಂತ್ರಗಳು ಕೆಟ್ಟುವು. ದುರಸ್ತಿಯ ಕೆಲಸವನ್ನು ಬಲ್ಲ ಭಾಲ್ಕಿಯ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಂದು, ಒಂದರ ಭಾಗವನ್ನು ಇನ್ನೊಂದಕ್ಕೆ ಜೋಡಿಸಿ ಐದನ್ನು ನಡೆಯುವಂತೆ ಮಾಡಿದಳು. ಉಳಿದ ಮೂರನ್ನು ಸರ್ಕಾರದ ಪರವಾನಗಿಯುಳ್ಳ ಸಂಸ್ಕರಣೆಯವರಿಗೆ ಕಳುಹಿಸಿದೆವು. ಸಾಗಣೆಯ ಖರ್ಚು ಕಳೆದರೆ ಕೈಗೆ ಏನೂ ಉಳಿಯಲಿಲ್ಲ. ಮನಸ್ಸಿಗೆ ಮಾತ್ರ ನೆಮ್ಮದಿಯಾಯಿತು.

ಔರಾದಿನ ಆ ಕಾಕನು ಶಾಲೆಗೆ ಬಂದಾಗ, ತಂತಿಯನ್ನು ಸುಡದೆ ಸುಲಿದು ತೆಗೆದ ತಾಮ್ರಕ್ಕೆ ಹೆಚ್ಚು ಬೆಲೆಯುಂಟೆಂದು ತಿಳಿಸಿದೆನು. ಈಗ ಅವರು ಸುಲಿಯುತ್ತಾರೆ. ದಿನಕ್ಕೆ ಆಗುವ ಕೆಲಸವು ಕಡಿಮೆಯೆಂದು ಕೊರಗುವುದೂ ಉಂಟು. ಆ ಕೊರಗು ಸುಳ್ಳಲ್ಲ.

ಆದುದರಿಂದ ನನ್ನ ವಿನಂತಿಯು ಇಷ್ಟೇ. ನಿಮ್ಮ ಮನೆಯ ಮೂಲೆಯಲ್ಲಿರುವ ಹಳೆಯ ಮೊಬೈಲು ಕಂಪ್ಯೂಟರುಗಳನ್ನು ವಾರ್ಷಿಕೋತ್ಸವದ ದಿನ ಶಾಲೆಗೆ ತಂದೊಪ್ಪಿಸಿರಿ. ಜೊತೆಗೆ, ಗುಜರಿಯವನು ಕೊಡುತ್ತಿದ್ದಷ್ಟು ಹಣವನ್ನು ಬಡ ವಿದ್ಯಾರ್ಥಿನಿಯರ ನಿಧಿಗೆ ಹಾಕಿರಿ. ಯಾವ ಹುಡುಗಿಯ ಶುಲ್ಕವೂ ಹೊಗೆಯಿಂದ ಬರಬೇಕಾಗದಿರಲಿ.