ಉಡುಗೊರೆಗೂ ಒಂದು ಪಟ್ಟಿಯೇ?

ಹೋದ ವರ್ಷ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಸಂಡಿಗೆ ಒಣಹಾಕಿ ಮಹಡಿಯಿಂದ ಇಳಿದು ಬಂದೆ. ಅಷ್ಟರಲ್ಲಿ ಅಮೆರಿಕದಿಂದ ಅಕ್ಕನ ಸಂದೇಶ ಬಂದು ಕೂತಿತ್ತು. ಅಕ್ಕ ಮದುವೆಯಾಗಿ ನ್ಯೂಜೆರ್ಸಿಗೆ ಹೋಗಿ ಮೂವತ್ತು ವರ್ಷವಾಯಿತು. ಮಗಳು ಪುಟ್ಟಿ ಹುಟ್ಟಿದ್ದು, ಬೆಳೆದದ್ದು ಎಲ್ಲಾ ಅಲ್ಲೇ. ಅವಳಿಗೆ ಮದುವೆ ಗೊತ್ತಾಗಿತ್ತು. ಮದುವೆಗೆ ಎರಡು ತಿಂಗಳು ಮುಂಚೆ ಗೆಳತಿಯರೆಲ್ಲ ಸೇರಿ ‘ಬ್ರೈಡಲ್ ಶವರ್’ ಮಾಡುತ್ತಾರಂತೆ. “ನೀನು ಬರೋಕಾಗಲ್ಲ ಅಂತ ಗೊತ್ತು ಕಣೇ, ವಿಡಿಯೋದಲ್ಲಿ ನೋಡು. ಏನಾದ್ರೂ ಕೊಡಬೇಕು ಅನ್ನಿಸಿದ್ರೆ ಈ ಪಟ್ಟಿ ನೋಡಿಕೊಂಡು ಕೊಡು” ಎಂದು ಬರೆದು, ಕೆಳಗೆ ಒಂದು ಪಟ್ಟಿ ಕಳಿಸಿದ್ದಳು.

ಪಟ್ಟಿ ತೆರೆದು ನೋಡಿದೆ. ಟವೆಲ್ಲು, ದಿಂಬಿನ ಚೀಲ, ಎಣ್ಣೆಯಿಲ್ಲದೆ ಕರಿಯುವ ಯಂತ್ರ, ತಾನೇ ಓಡಾಡಿ ಕಸ ಗುಡಿಸುವ ಯಂತ್ರ, ಚಾಕುಗಳ ಒಂದು ಸೆಟ್ಟು. ಎಲ್ಲದರ ಪಕ್ಕದಲ್ಲೂ ಬೆಲೆ! ಒಂದು ಟವೆಲ್ಲಿಗೆ ಹದಿನೆಂಟು ಡಾಲರ್, ಅಂದರೆ ನಮ್ಮ ಸುಮಾರು ಒಂದೂವರೆ ಸಾವಿರ ರೂಪಾಯಿ. ನನಗೆ ಮೈಯೆಲ್ಲಾ ಉರಿದುಹೋಯಿತು. ಮಂಗಳಕಾರ್ಯಕ್ಕೆ ಚಾಕು ಕೊಡೋದುಂಟೇ? ಅದಿರಲಿ, ಇಂಥಾದ್ದೇ ಕೊಡಿ, ಇಷ್ಟೇ ಬೆಲೆಯದ್ದು ಕೊಡಿ ಅಂತ ನಾಚಿಕೆ ಬಿಟ್ಟು ಕೇಳೋದುಂಟೇ? ಪ್ರೀತಿಯಿಂದ ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳಬೇಕು ಎಂದು ನಮಗೆ ಹೇಳಿಕೊಟ್ಟವರು ನಮ್ಮ ಅಮ್ಮ. ಅದೇ ಅಮ್ಮನ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕ ಹೀಗಾದಳಲ್ಲ ಅನ್ನಿಸಿತು.

ಸಾಯಂಕಾಲ ನಮ್ಮವರ ಮುಂದೆ ಹೇಳಿಕೊಂಡೆ. ಅವರು ಕಾಫಿ ಲೋಟ ಕೆಳಗಿಟ್ಟು, “ಅಟ್ಟದ ಮೇಲೆ ನಿನ್ನ ಗಡಿಯಾರಗಳು ಎಷ್ಟಿವೆ?” ಅಂತ ಕೇಳಿದರು. ನಾನು ಮಾತಾಡಲಿಲ್ಲ.

ಅದರ ಕಥೆ ಹೇಳಿಬಿಡುತ್ತೇನೆ. ನನ್ನ ಮದುವೆಯಾದದ್ದು 2000ದಲ್ಲಿ, ತಿಪಟೂರಿನ ಹತ್ತಿರದ ನಮ್ಮ ಊರಿನಲ್ಲಿ. ಮುಯ್ಯಿಯಲ್ಲಿ ಏಳು ಗೋಡೆ ಗಡಿಯಾರ ಬಂದವು. ಐದು ಲೆಮನ್ ಸೆಟ್ಟು, ತಿರುಪತಿ ವೆಂಕಟರಮಣನ ಫೋಟೋ ನಾಲ್ಕು, ಸ್ಟೀಲ್ ತಟ್ಟೆಗಳಿಗೆ ಲೆಕ್ಕವೇ ಇಲ್ಲ. ಅಪ್ಪ ಹಿತ್ತಾಳೆ ಪಾತ್ರೆಗಳನ್ನು ಕೊಡಿಸಿದ್ದರು. “ಕುಕ್ಕರ್ ಹೇಗೂ ಮುಯ್ಯಿಯಲ್ಲಿ ಬರತ್ತೆ ಬಿಡು” ಅಂದಿದ್ದರು. ಬಂದವರೂ ಹಾಗೇ ಅಂದುಕೊಂಡಿರಬೇಕು, ಕುಕ್ಕರನ್ನು ಯಾರಾದರೂ ಕೊಟ್ಟೇ ಕೊಟ್ಟಿರ್ತಾರೆ ಅಂತ. ಕೊನೆಗೆ ಯಾರೂ ಕೊಡಲಿಲ್ಲ! ಅರಸೀಕೆರೆಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದು, ಸೀಮೆಎಣ್ಣೆ ಸ್ಟೌವಿಗೆ ಪಂಪು ಹೊಡೆದು, ಹಿತ್ತಾಳೆ ತಪ್ಪಲೆಯಲ್ಲಿ ತೊಗರಿಬೇಳೆ ಬೇಯಿಸುತ್ತಾ ಎಂಟು ತಿಂಗಳು ಕಳೆದೆ. ಬೇಳೆ ಬೇಯಲು ಎಷ್ಟು ಹೊತ್ತಾಯಿತು ಅಂತ ನೋಡಲು ಮಾತ್ರ ಏಳು ಗಡಿಯಾರ ಇದ್ದವು. ನನಗೆ ಕುಕ್ಕರ್ ಬೇಕು ಅಂತ ಬಾಯಿ ಬಿಟ್ಟು ಹೇಳಲು ನಾಚಿಕೆ. ಏನು ಬೇಕಮ್ಮಾ ಅಂತ ಕೇಳಿದವರೂ ಇರಲಿಲ್ಲ.

ಅವತ್ತು ರಾತ್ರಿ ಅಕ್ಕನೇ ಫೋನ್ ಮಾಡಿದಳು. ನನ್ನ ದನಿಯಲ್ಲೇ ಅವಳಿಗೆ ಗೊತ್ತಾಗಿಬಿಟ್ಟಿತು. “ಕೋಪ ಮಾಡ್ಕೋಬೇಡ ಕಣೇ. ಇಲ್ಲಿ ಪಟ್ಟಿ ಕೊಡದಿದ್ದರೇ ಬಂದವರು ಕೇಳ್ತಾರೆ” ಅಂತ ವಿವರಿಸಿದಳು. ಈ ಪದ್ಧತಿ ನಿನ್ನೆ ಮೊನ್ನೆಯದಲ್ಲವಂತೆ. 1924ರಲ್ಲಿ ಶಿಕಾಗೋದ ಮಾರ್ಷಲ್ ಫೀಲ್ಡ್ಸ್ ಅನ್ನುವ ದೊಡ್ಡ ಅಂಗಡಿ ಇದನ್ನು ಶುರು ಮಾಡಿತಂತೆ. ಮದುವೆ ಗೊತ್ತಾದ ಜೋಡಿ ತಮಗೆ ಯಾವ ಮಾದರಿಯ ಪಿಂಗಾಣಿ, ಬೆಳ್ಳಿ, ಗಾಜಿನ ಸಾಮಾನು ಇಷ್ಟ ಅಂತ ಅಂಗಡಿಯಲ್ಲಿ ಬರೆಸಿ ಇಡುತ್ತಿದ್ದರು. ನೆಂಟರು ಅದನ್ನು ನೋಡಿ ಕೊಂಡುಕೊಳ್ಳುತ್ತಿದ್ದರು. ಈಗ ಅದೆಲ್ಲಾ ಫೋನಿನಲ್ಲೇ. ಒಬ್ಬರು ಒಂದನ್ನು ಕೊಂಡ ತಕ್ಷಣ, ಇದು ಆಗಿದೆ ಅಂತ ಪಟ್ಟಿಯಲ್ಲಿ ಗುರುತು ಬೀಳುತ್ತದೆ. ಹಾಗಾಗಿ ಒಂದೇ ಸಾಮಾನು ಎರಡೆರಡು ಬರುವುದು ಕಡಿಮೆ. ದೊಡ್ಡ ಸಾಮಾನಿಗೆ ನಾಲ್ಕು ಜನ ಸೇರಿ ದುಡ್ಡು ಹಾಕಲೂಬಹುದು. ಪಟ್ಟಿಯಲ್ಲಿ ಇಲ್ಲದ್ದನ್ನು ಕೊಟ್ಟರೂ ಯಾರೂ ಬೇಡ ಅನ್ನುವುದಿಲ್ಲವಂತೆ.

“ನಮ್ಮಲ್ಲಿ ಮುಯ್ಯಿ ಪುಸ್ತಕ ಇರಲಿಲ್ವೇನೇ? ಅದೂ ಪಟ್ಟಿ ತಾನೇ?” ಅಂದಳು ಅಕ್ಕ.

ಆ ಮಾತು ನನಗೆ ನಾಟಿತು. ಅಪ್ಪನ ಮುಯ್ಯಿ ಪುಸ್ತಕ ಇನ್ನೂ ನನ್ನ ಹತ್ತಿರವೇ ಇದೆ. ಕೆಂಪು ರಟ್ಟಿನ ಉದ್ದ ಪುಸ್ತಕ. ನನ್ನ ಮದುವೆಯಲ್ಲಿ ನೂರಾ ಒಂದು ಕೊಟ್ಟವರು, ಐವತ್ತೊಂದು ಕೊಟ್ಟವರು, ಗಡಿಯಾರ ಕೊಟ್ಟವರು, ಎಲ್ಲರ ಹೆಸರೂ ಅಪ್ಪನ ಅಕ್ಷರದಲ್ಲಿವೆ. ಅವರವರ ಮನೆಯ ಮದುವೆಗೆ ಹೋಗಿ ವಾಪಸ್ಸು ಕೊಟ್ಟ ಮೇಲೆ ಹೆಸರಿನ ಮುಂದೆ ಒಂದು ಗೀಟು ಎಳೆಯುತ್ತಿದ್ದರು. ಮದುವೆ ತಿಂಗಳು ಬಂತೆಂದರೆ ಅಪ್ಪನ ಮುಖ ಸಣ್ಣದಾಗುತ್ತಿತ್ತು. ಒಂದು ವರ್ಷ ಸರಿಯಾದ ಬೆಲೆ ಬರುವವರೆಗೂ ಕಾಯಲಾಗದೆ ಎರಡು ಮೂಟೆ ಕೊಬ್ಬರಿಯನ್ನು ಬಂದಷ್ಟಕ್ಕೆ ಮಾರಿದರು. ಅದು ಮುಯ್ಯಿ ತೀರಿಸುವುದಕ್ಕೆ ಅಂತ ನನಗೆ ತಿಳಿದದ್ದು ಆಮೇಲೆ.

2011ರಲ್ಲಿ ಅಪ್ಪ ಹೋದರು. ತಿಥಿ ಎಲ್ಲಾ ಮುಗಿದ ಮೇಲೆ ಅಮ್ಮ ಆ ಪುಸ್ತಕ ತೆಗೆದಳು. ಗೀಟು ಬೀಳದ ಹೆಸರು ಒಂಬತ್ತು ಇದ್ದವು. “ನಿಮ್ಮಪ್ಪ ಋಣ ಇಟ್ಟುಕೊಂಡು ಹೋದರು ಅಂತ ಯಾರೂ ಅನ್ನಬಾರದು” ಅಂದಳು. ತಾನು ಮದುವೆ ಮನೆಯೊಳಗೆ ಹೋಗುತ್ತಿರಲಿಲ್ಲ. ಕವರಿನೊಳಗೆ ದುಡ್ಡಿಟ್ಟು, ಮೇಲೆ ಒಂದು ರೂಪಾಯಿ ನಾಣ್ಯ ಸೇರಿಸಿ, ಬಸ್ಸಿನಲ್ಲಿ ಅಷ್ಟು ದೂರ ಹೋಗಿ ಬಾಗಿಲಲ್ಲೇ ಕೊಟ್ಟು ಬರುತ್ತಿದ್ದಳು. ನಾಲ್ಕು ವರ್ಷದಲ್ಲಿ ಒಂಬತ್ತೂ ಮುಗಿಸಿದಳು. ಮುಯ್ಯಿ ಅಂದರೆ ಉಡುಗೊರೆ ಅಂತಲೂ ಅರ್ಥ, ಸೇಡು ಅಂತಲೂ ಅರ್ಥ. ನಮ್ಮ ಹಿರಿಯರು ಎರಡಕ್ಕೂ ಒಂದೇ ಮಾತು ಯಾಕೆ ಇಟ್ಟರೋ!

ಹಾಗಾದರೆ ನಾಚಿಕೆ ಯಾವುದಕ್ಕೆ? ಏನು ಬೇಕೆಂದು ಮೊದಲೇ ಹೇಳುವ ಪಟ್ಟಿಗೋ, ಯಾರಿಗೆ ಎಷ್ಟು ಬಾಕಿ ಎಂದು ಆಮೇಲೆ ನೆನಪಿಸುವ ಪಟ್ಟಿಗೋ? ರಾತ್ರಿ ನಿದ್ದೆ ಬರದೆ ಪುಟ್ಟಿಯ ಪಟ್ಟಿಯನ್ನು ಮತ್ತೆ ತೆರೆದೆ. ಈ ಸಲ ಕೋಪವಿಲ್ಲದೆ ಕೊನೆಯವರೆಗೂ ಓದಿದೆ. ಕಣ್ಣಿಗೆ ಕಾಣುವ ದೊಡ್ಡ ಸಾಮಾನುಗಳೆಲ್ಲ ಆಗಲೇ ಆಗಿಹೋಗಿದ್ದವು. ತಳದಲ್ಲಿ ಇಸ್ತ್ರಿ ಮಾಡುವ ಹಲಗೆ, ಅಡುಗೆಮನೆ ವಸ್ತ್ರ ಉಳಿದಿದ್ದವು. ಅದರ ಕೆಳಗೆ ಮೂರು ಲೀಟರಿನ ಪ್ರೆಶರ್ ಕುಕ್ಕರ್, ನಮ್ಮ ಸೀಟಿ ಹೊಡೆಯುವಂಥದ್ದು.

ಅವಳ ಅಮೆರಿಕದ ಗೆಳತಿಯರಿಗೆ ಅದೇನು ಎಂದೇ ಗೊತ್ತಿರಲಿಕ್ಕಿಲ್ಲ. ಅಲ್ಲಿರುವ ನಮ್ಮ ಹೆಂಗಸರು ಯಾರಾದರೂ ಕೊಟ್ಟೇ ಕೊಡ್ತಾರೆ ಅಂತ ಬಿಟ್ಟಿರಬೇಕು!

ನಾನು ಒಂದು ಜೊತೆ ಬೆಳ್ಳಿ ದೀಪ ಕಳಿಸಬೇಕೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ನಿಜ ಹೇಳಬೇಕೆಂದರೆ ಅದು ಪುಟ್ಟಿಗಾಗಿ ಅಲ್ಲ. ಅಮೆರಿಕದ ಅಕ್ಕನ ಮುಂದೆ ತಂಗಿ ಬಡವಿ ಅಂತ ಆಗಬಾರದು ಅನ್ನುವ ಹಟಕ್ಕೆ. ಅಕ್ಕನ ಮನೆಯಲ್ಲಿ ಆಗಲೇ ಬೆಳ್ಳಿ ದೀಪ ಎರಡು ಜೊತೆ ಇವೆ. ನನ್ನ ಹಟ ಮೂರನೆಯ ಜೊತೆಯಾಗಿ ಬೀರುವಿನಲ್ಲಿ ಕೂರುತ್ತಿತ್ತು, ನನ್ನ ಏಳನೆಯ ಗಡಿಯಾರದ ಹಾಗೆ. ಬೆಂಗಳೂರಿನಲ್ಲಿರುವ ಮಗನಿಗೆ ಹೇಳಿ ಅವನ ಕಾರ್ಡಿನಿಂದ ಆ ಕುಕ್ಕರಿಗೇ ದುಡ್ಡು ಕಟ್ಟಿಸಿದೆ.

ಶವರ್ ದಿನ ನಮಗೆ ನಡುರಾತ್ರಿ. ವಿಡಿಯೋದಲ್ಲಿ ನೋಡುತ್ತಾ ಕೂತೆ. ಬರೀ ಹೆಂಗಸರು, ನಗು, ಆಟ. ಪುಟ್ಟಿ ಎಲ್ಲರ ಎದುರಿಗೆ ಒಂದೊಂದೇ ಉಡುಗೊರೆ ಬಿಚ್ಚುತ್ತಿದ್ದಳು. ಪಕ್ಕದಲ್ಲಿ ಒಬ್ಬ ಗೆಳತಿ ಪುಸ್ತಕ ಹಿಡಿದು, ಯಾರು ಏನು ಕೊಟ್ಟರು ಅಂತ ಬರೆದುಕೊಳ್ಳುತ್ತಿದ್ದಳು! ನಾನೂ ಅಕ್ಕನೂ ಒಟ್ಟಿಗೇ, “ಅಪ್ಪನ ಪುಸ್ತಕ” ಅಂದೆವು. ಆಮೇಲೆ ಇಬ್ಬರಿಗೂ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ವಾಪಸ್ಸು ಕೊಡುವುದಕ್ಕಲ್ಲವಂತೆ, ಪ್ರತಿಯೊಬ್ಬರಿಗೂ ಕೈಯಾರೆ ಧನ್ಯವಾದ ಬರೆಯುವುದಕ್ಕಂತೆ. ಒಂದು ತಿಂಗಳಿಗೆ ನನಗೂ ಕಾಗದ ಬಂತು. ಸೊಟ್ಟ ಸೊಟ್ಟ ಕನ್ನಡ ಅಕ್ಷರದಲ್ಲಿ, “ಚಿಕ್ಕಮ್ಮ, ಮೂರು ಸೀಟಿಗೆ ಬೇಳೆ ಬೆಂತು” ಎಂದು ಇತ್ತು. ಅದನ್ನು ದೇವರ ಮನೆಯಲ್ಲಿ ಇಟ್ಟಿದ್ದೇನೆ.

ಸೋದರಿಯರೇ, ನಮ್ಮ ಊರಿನಲ್ಲಿ ಪಟ್ಟಿ ಹಂಚುವ ಕಾಲ ಬರುತ್ತದೋ ಇಲ್ಲವೋ. ಆದರೆ ಕೇಳುವುದಕ್ಕೆ ಪಟ್ಟಿಯೇ ಬೇಕೆಂದಿಲ್ಲ. ಹುಡುಗಿಯ ತಾಯಿಯನ್ನೋ ಗೆಳತಿಯನ್ನೋ ಒಂದು ಮಾತು ಕೇಳಿ. ಅವಳು ಹೋಗುವ ಮನೆ ಕೂಡು ಕುಟುಂಬವೋ, ಬೇರೆ ಸಂಸಾರವೋ ತಿಳಿದುಕೊಳ್ಳಿ. ನಾಲ್ಕು ಜನ ಸೇರಿ ಉಪಯೋಗಕ್ಕೆ ಬರುವ ಒಂದು ಸಾಮಾನು ಕೊಡಿ, ಬದಲಾಯಿಸಲು ಅನುಕೂಲವಾಗುವಂತೆ ಅಂಗಡಿ ರಸೀದಿಯನ್ನೂ ಒಳಗಿಡಿ. ಏನೂ ತೋಚದಿದ್ದರೆ ಹುಡುಗಿಯ ಹೆಸರು ಬರೆದು ಕವರನ್ನು ಅವಳ ಕೈಗೇ ಕೊಡಿ.

ಹೆಣ್ಣುಮಕ್ಕಳ ತಾಯಂದಿರು ಇನ್ನೊಂದು ಪಟ್ಟಿಯನ್ನು ಮಾತ್ರ ಮರೆಯಬಾರದು. ವರದಕ್ಷಿಣೆ ನಿಷೇಧ ಕಾಯಿದೆಯ 1985ರ ನಿಯಮಗಳ ಪ್ರಕಾರ ಮದುವೆಯಲ್ಲಿ ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ಅವಳೇ ಇಟ್ಟುಕೊಳ್ಳಬೇಕು. ಸಾಮಾನಿನ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ನೆಂಟರಾದರೆ ಸಂಬಂಧ ಬರೆದು ವಧೂವರರಿಬ್ಬರೂ ಸಹಿ ಹಾಕಬೇಕು. ಮುಂದೆ ಎಂದಾದರೂ ಯಾವುದು ಯಾರದು ಎಂಬ ಮಾತು ಬಂದರೆ ಆ ಹಾಳೆ ಹುಡುಗಿಯ ಕೈಯಲ್ಲಿರಲಿ.

ಮೊನ್ನೆ ಅಕ್ಕನಿಗೆ, “ಕುಕ್ಕರನ್ನು ಮುಯ್ಯಿ ಅಂತ ಬರ್ಕೋಬೇಡ ಕಣೇ, ನಮ್ಮಿಬ್ಬರ ನಡುವೆ ಆ ಪುಸ್ತಕ ಬೇಡ” ಅಂದೆ.

“ಬರ್ಕೊಳ್ಳಲ್ಲ. ಆದರೆ ನಿನ್ನ ಮಗನ ಮದುವೆಗೆ ಸೊಸೆ ಹತ್ತಿರ ಪಟ್ಟಿ ಕೇಳೇ ಕೇಳ್ತೀನಿ. ನಾನೇನಾದ್ರೂ ಗಡಿಯಾರ ತಂದುಬಿಟ್ಟರೆ!” ಅಂದಳು.